ಗೋಡೌನಿನಲ್ಲಿ ರೋಬೋ ಓಡಿಸುವ ಮುನ್ನ, ಅದು ಎಲ್ಲೆಲ್ಲಿ ನಿಲ್ಲುತ್ತದೆ ಅಂತ ಲೆಕ್ಕ ಹಾಕಿ

ಪೀಣ್ಯ, ಬೊಮ್ಮಸಂದ್ರ, ಜಿಗಣಿ, ದಾಬಸ್‌ಪೇಟೆ, ಹೊಸಕೋಟೆ ಕಡೆ ಫ್ಯಾಕ್ಟರಿಯನ್ನೋ ಗೋಡೌನನ್ನೋ ನೋಡಿಕೊಳ್ಳುವವರಿಗಾಗಿ ಈ ಬರಹ. ಒಳಗಡೆ ಮಾಲು ಸಾಗಿಸಲು ತಾನೇ ದಾರಿ ನೋಡಿಕೊಂಡು ಓಡುವ ರೋಬೋ, ಅಂದರೆ ಎಎಂಆರ್, ಹಾಕೋಣ ಅಂತ ಮಾಲೀಕರು ಹೇಳಿದ್ದಾರೆ. ಒಂದೆರಡು ಕಂಪನಿಯವರು ಬಂದು ಡೆಮೊ ಕೊಟ್ಟಿದ್ದಾರೆ. ಯಾರೋ ಅಡ್ಡ ನಿಂತರು, ರೋಬೋ ನಯವಾಗಿ ಸುತ್ತಿಕೊಂಡು ಹೋಯಿತು, ಎಲ್ಲರಿಗೂ ಖುಷಿಯಾಯಿತು. ಈಗ ಪ್ಲಾನ್ ಮಾಡುವ ಕೆಲಸ ನಿಮ್ಮ ತಲೆಗೆ ಬಂದಿದೆ, ಅಲ್ವಾ?

ಖಾಲಿ ಹಾಲ್‌ನಲ್ಲಿ ಒಂದು ರೋಬೋ ಎಷ್ಟು ಚೆನ್ನಾಗಿ ಓಡುತ್ತದೆ ಅನ್ನುವುದರಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ. ಐದಾರು ರೋಬೋ, ಎರಡು ಫೋರ್ಕ್‌ಲಿಫ್ಟ್, ಶಿಫ್ಟ್ ಬಿಡುವ ಹೊತ್ತಿನ ಜನ, ಎಲ್ಲ ಒಂದೇ ಶೆಡ್‌ನಲ್ಲಿ ಸೇರಿದಾಗ ಸಮಯ ಹಾಳಾಗುವುದು ಕಾಯುವುದರಲ್ಲಿ. ಇಳಿಸುವ ಜಾಗ ಖಾಲಿ ಇಲ್ಲ ಅಂತ ಕಾಯುತ್ತದೆ. ಕ್ರಾಸ್‌ನಲ್ಲಿ ಇನ್ನೊಂದು ರೋಬೋ ಇದೆ ಅಂತ ಕಾಯುತ್ತದೆ. ಶಟರ್ ತೆರೆಯಲಿ ಅಂತ ಕಾಯುತ್ತದೆ. ಹಾಗಾಗಿ ಕೆಳಗಿನ ಪ್ರತಿ ಹೆಜ್ಜೆಯಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಾ ಹೋಗಿ: ಇಲ್ಲಿ ರೋಬೋ ಯಾಕೆ ನಿಲ್ಲುತ್ತದೆ, ನಿಂತಾಗ ಯಾರಿಗೆ ಅಡ್ಡ ಆಗುತ್ತದೆ?

ಮೊದಲು ನೋಟ್‌ಬುಕ್ ಹಿಡಿದು ಶೆಡ್ ಸುತ್ತಿ

ರೋಬೋ ಮಾಡೆಲ್ ನೋಡುವುದು ಆಮೇಲೆ. ಮೊದಲು ಒಂದು ವಾರ ಮಾಲು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಬರೆದುಕೊಳ್ಳಿ. ಸ್ಟೋರ್ಸ್‌ನಿಂದ ಲೈನ್‌ಗೆ, ಲೈನ್‌ನಿಂದ ಇನ್‌ಸ್ಪೆಕ್ಷನ್‌ಗೆ, ಅಲ್ಲಿಂದ ಪ್ಯಾಕಿಂಗ್‌ಗೆ, ಕೊನೆಗೆ ಡಿಸ್ಪ್ಯಾಚ್‌ಗೆ. ಪ್ರತಿ ಜೋಡಿಗೆ ದೂರ ಎಷ್ಟು, ಗಂಟೆಗೆ ಎಷ್ಟು ಟ್ರಿಪ್, ತೂಕ ಎಷ್ಟು, ಯಾವ ಟ್ರಾಲಿ ಅಥವಾ ಪ್ಯಾಲೆಟ್. ಖಾಲಿ ಬಿನ್ ವಾಪಸ್ ಬರುವುದನ್ನು ಜನ ಬರೆಯುವುದೇ ಇಲ್ಲ. ಅದೂ ಒಂದು ಟ್ರಿಪ್ಪೇ.

ದಿನದ ಸರಾಸರಿ ಹಾಕಿದರೆ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ ಆರರ ಶಿಫ್ಟ್ ಶುರುವಾದ ಮೊದಲ ಅರ್ಧ ಗಂಟೆಯಲ್ಲಿ ಎಲ್ಲ ಲೈನ್‌ನವರೂ ಒಟ್ಟಿಗೆ ಮಾಲು ಕೇಳುತ್ತಾರೆ. ಸಂಜೆ ಲಾರಿ ಬಂದು ನಿಂತಾಗ ಡಿಸ್ಪ್ಯಾಚ್ ಕಡೆ ನೂಕುನುಗ್ಗಲು. ಬೆಂಗಳೂರಿನಲ್ಲಿ ದೊಡ್ಡ ಲಾರಿಗಳಿಗೆ ಹಗಲಿನಲ್ಲಿ ಓಡಾಟದ ನಿರ್ಬಂಧ ಇರುವ ರಸ್ತೆಗಳಿವೆ, ಹಾಗಾಗಿ ಲೋಡಿಂಗ್ ಕೆಲವೇ ಗಂಟೆಗಳಿಗೆ ಬಂದು ಸೇರಿಕೊಳ್ಳುತ್ತದೆ. ನಿಮ್ಮ ಲೆಕ್ಕ ಅತಿ ಬಿಜಿಯಾದ ಆ ಗಂಟೆಗೆ ಇರಬೇಕು.

ಎಷ್ಟು ರೋಬೋ ಬೇಕು

ಲೆಕ್ಕ ಕಷ್ಟದ್ದಲ್ಲ, ಆದರೆ ಪ್ರಾಮಾಣಿಕವಾಗಿ ಹಾಕಬೇಕು. ಬಿಜಿ ಗಂಟೆಯಲ್ಲಿ 60 ಟ್ರಿಪ್ ಅಂತ ಇಟ್ಟುಕೊಳ್ಳಿ. ಹೋಗಿ ಬರುವ ದೂರ ಸರಾಸರಿ 120 ಮೀಟರ್. ಬ್ರೋಶರ್‌ನಲ್ಲಿ ಸೆಕೆಂಡಿಗೆ 1.5 ಮೀಟರ್ ವೇಗ ಅಂತ ಇರುತ್ತದೆ. ತಿರುವು, ನಿಧಾನ ಮಾಡುವುದು, ಜನ ಇರುವ ಕಡೆ ತೆವಳುವುದು ಎಲ್ಲ ಸೇರಿಸಿ 0.8 ಮೀಟರ್ ಹಿಡಿಯಿರಿ. ಓಟಕ್ಕೆ 150 ಸೆಕೆಂಡ್. ಎತ್ತಿಕೊಳ್ಳಲು 25, ಇಳಿಸಲು 25, ಒಟ್ಟು 200. ಕಾಯುವುದಕ್ಕೆ ಶೇಕಡ 20 ಸೇರಿಸಿದರೆ 240 ಸೆಕೆಂಡ್, ಅಂದರೆ ನಾಲ್ಕು ನಿಮಿಷ. ಒಂದು ರೋಬೋ ಗಂಟೆಗೆ 15 ಟ್ರಿಪ್ ಮಾಡುತ್ತದೆ, 60ಕ್ಕೆ ನಾಲ್ಕು ರೋಬೋ ಬೇಕು. ಚಾರ್ಜಿಂಗ್, ರಿಪೇರಿ ಕಳೆದು ಶೇಕಡ 80ರಷ್ಟು ಸಮಯ ಮಾತ್ರ ಕೆಲಸಕ್ಕೆ ಸಿಗುತ್ತದೆ ಅಂದುಕೊಂಡರೆ ಐದು.

ಈಗ ಆ ಶೇಕಡ 20 ಸರಿಯಾ ಅಂತ ನೋಡೋಣ. ಇಲ್ಲೇ ಎಲ್ಲರೂ ಎಡವುವುದು. ಆ 60 ಟ್ರಿಪ್ಪೂ ಡಿಸ್ಪ್ಯಾಚ್‌ನ ಒಂದೇ ಇಳಿಸುವ ಜಾಗಕ್ಕೆ ಹೋಗುತ್ತವೆ, ರೋಬೋ ಒಳಗೆ ಬಂದು ಇಳಿಸಿ ಹೊರಗೆ ಹೋಗುವವರೆಗೆ ಆ ಜಾಗ 40 ಸೆಕೆಂಡ್ ಹಿಡಿದಿರುತ್ತದೆ ಅಂದುಕೊಳ್ಳಿ. ಗಂಟೆಯ 3600 ಸೆಕೆಂಡಿನಲ್ಲಿ 2400 ಸೆಕೆಂಡ್ ಆ ಜಾಗ ಬಿಜಿ. ಮೂರರಲ್ಲಿ ಒಂದು ಪಾಲು ಇನ್ನೂ ಖಾಲಿ ಇದೆಯಲ್ಲ, ತೊಂದರೆ ಏನು ಅನಿಸುತ್ತದೆ. ಆದರೆ ರೋಬೋಗಳು ಗಡಿಯಾರ ನೋಡಿಕೊಂಡು ಬರುವುದಿಲ್ಲ. ಒಮ್ಮೆ ಮೂರು ಒಟ್ಟಿಗೆ ಬರುತ್ತವೆ, ಆಮೇಲೆ ಎರಡು ನಿಮಿಷ ಒಂದೂ ಇಲ್ಲ. ಬರುವುದರಲ್ಲೂ ಇಳಿಸುವುದರಲ್ಲೂ ಹೀಗೆ ಏರುಪೇರು ಇದ್ದರೆ, ಸರದಿ ಲೆಕ್ಕದ ಸರಳ ಸೂತ್ರದ ಪ್ರಕಾರ ಸರಾಸರಿ ಕಾಯುವಿಕೆ 80 ಸೆಕೆಂಡ್. ನಾವು ಶೇಕಡ 20 ಅಂತ ಹಿಡಿದದ್ದು ಬರೀ 40. ಗಂಟೆಗೆ 72 ಟ್ರಿಪ್ ಆದರೆ ಜಾಗ ಶೇಕಡ 80 ಬಿಜಿ, ಕಾಯುವಿಕೆ 160 ಸೆಕೆಂಡ್. 81 ಟ್ರಿಪ್ ಆದರೆ ಶೇಕಡ 90 ಬಿಜಿ, 360 ಸೆಕೆಂಡ್. ಐದೇ ರೋಬೋ ಇರುವಾಗ ಸಾಲು ಅಷ್ಟು ಉದ್ದ ಬೆಳೆಯುವುದಿಲ್ಲ ನಿಜ, ಆದರೆ ಏರುವ ರೀತಿ ಹೀಗೆಯೇ ಇರುತ್ತದೆ.

ಇನ್ನೊಂದು ಇಳಿಸುವ ಜಾಗ ಪಕ್ಕದಲ್ಲೇ ಗುರುತು ಮಾಡಿ ನೋಡಿ. ಅದೇ 60 ಟ್ರಿಪ್‌ಗೆ ಕಾಯುವಿಕೆ 80 ಸೆಕೆಂಡಿನಿಂದ 5 ಸೆಕೆಂಡಿಗೆ ಇಳಿಯುತ್ತದೆ. ಇದಕ್ಕೆ ಖರ್ಚು ಹಳದಿ ಬಣ್ಣ ಮತ್ತು ಎರಡು ಚದರ ಮೀಟರ್ ನೆಲ. ಆರನೇ ರೋಬೋಗೆ ಪರ್ಚೇಸ್ ಆರ್ಡರ್ ಬರೆಯುವ ಮುನ್ನ ಈ ಲೆಕ್ಕ ಹಾಕಿ. ಜಾಗ ಸಿಗದೆ ನಿಂತಿರುವ ಐದು ರೋಬೋ ಜೊತೆ ಆರನೆಯದನ್ನು ಸೇರಿಸಿದರೆ ಅದೂ ಹೋಗಿ ಸಾಲಿನಲ್ಲಿ ನಿಲ್ಲುತ್ತದೆ, ಅಷ್ಟೇ.

ಯಾವ ಥರದ್ದು

ನೆಲದ ಮೇಲೆ ಪಟ್ಟಿ ಅಥವಾ ಕ್ಯೂಆರ್ ಕೋಡ್ ಅಂಟಿಸಿ ಅದರ ಮೇಲೆಯೇ ಓಡುವುದು ಎಜಿವಿ. ಲೇಸರ್ ಸ್ಕ್ಯಾನರ್‌ನಿಂದ, ಅಂದರೆ ಲೈಡಾರ್‌ನಿಂದ ಸುತ್ತಲಿನ ಗೋಡೆ ಕಂಬ ನೋಡಿ ತಾನು ಎಲ್ಲಿದ್ದೇನೆ ಅಂತ ತಿಳಿದುಕೊಳ್ಳುವುದು ಎಎಂಆರ್. ಎರಡನೆಯದೇ ಯಾವಾಗಲೂ ಒಳ್ಳೆಯದು ಅಂತ ಏನಿಲ್ಲ. ಅಮೆಜಾನ್ 2012ರಲ್ಲಿ 77.5 ಕೋಟಿ ಡಾಲರ್ ಕೊಟ್ಟು ಕೊಂಡ ಕಿವಾ ಕಂಪನಿಯ ರೋಬೋಗಳು ನೆಲದ ಕೋಡ್ ಓದಿಕೊಂಡೇ ಓಡುತ್ತಿದ್ದವು. ನಮ್ಮ ಬೆಂಗಳೂರಲ್ಲೇ ಫ್ಲಿಪ್‌ಕಾರ್ಟ್ 2019ರಲ್ಲಿ ಪಾರ್ಸೆಲ್ ವಿಂಗಡಿಸಲು ಇಳಿಸಿದ್ದೂ ಎಜಿವಿಗಳನ್ನೇ. ಜನ ಕಾಲಿಡದ, ಬೇಲಿ ಹಾಕಿದ, ಕೆಲಸ ಬದಲಾಗದ ಜಾಗಕ್ಕೆ ಕೋಡ್ ಸಾಕು, ಅಗ್ಗವೂ ಹೌದು. ಜನರೂ ಫೋರ್ಕ್‌ಲಿಫ್ಟೂ ಜೊತೆಗೇ ಓಡಾಡುವ, ಆರು ತಿಂಗಳಿಗೊಮ್ಮೆ ಲೈನ್ ಜಾಗ ಬದಲಾಯಿಸುವ ಶೆಡ್‌ಗೆ ಎಎಂಆರ್.

ಆಕಾರದ ವಿಷಯಕ್ಕೆ ಬಂದರೆ, ಟ್ರಾಲಿಯ ಕೆಳಗೆ ನುಸುಳಿ ಎತ್ತುವುದು, ಹಿಂದೆ ಟ್ರಾಲಿ ಎಳೆಯುವುದು, ಪ್ಯಾಲೆಟ್‌ಗೆ ಫೋರ್ಕ್ ಹಾಕುವುದು, ಮೇಲೆ ರೋಲರ್ ಇರುವುದು, ಇವಿಷ್ಟು ಸಾಮಾನ್ಯವಾಗಿ ಸಿಗುತ್ತವೆ. ಟ್ರಾಲಿ ಬಿಟ್ಟು ಬೇರೆ ಟ್ರಾಲಿ ಹಿಡಿದು ಹೋಗುವ ಥರದ್ದನ್ನು ನಾನು ಮೊದಲು ನೋಡುತ್ತೇನೆ. ಯಾರೋ ಬಂದು ಮಾಲು ಇಳಿಸಿಕೊಳ್ಳಲಿ ಅಂತ ರೋಬೋ ಕಾಯಬೇಕಾಗಿಲ್ಲ.

ನೆಲ, ವೈಫೈ, ಬಿಸಿಲು

ಪೀಣ್ಯದ ಹಳೆಯ ಶೆಡ್‌ಗಳ ನೆಲ ನೋಡಿದ್ದೀರಲ್ಲ. ಕಾಂಕ್ರೀಟ್ ಜಾಯಿಂಟ್ ಒಡೆದಿರುತ್ತದೆ, ಯಾವುದೋ ಕಾಲದ ಮೆಷಿನ್ ಕಿತ್ತ ಬೋಲ್ಟ್ ಇನ್ನೂ ಎದ್ದಿರುತ್ತದೆ, ಶಟರ್ ಹತ್ತಿರ ನೀರು ಹೋಗಲಿ ಅಂತ ಇಳಿಜಾರು ಕೊಟ್ಟಿರುತ್ತಾರೆ. ರೋಬೋ ಚಕ್ರ ಚಿಕ್ಕದು. ಕಂಪನಿಯವರ ಹತ್ತಿರ ಎಷ್ಟು ಮಿಲಿಮೀಟರ್ ಏರು, ಎಷ್ಟು ಸಂದು, ಎಷ್ಟು ಇಳಿಜಾರು ದಾಟುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ, ಲೋಡ್ ಹೊತ್ತಾಗಿನ ಲೆಕ್ಕ ಕೇಳಿ. ಮಳೆಗಾಲದಲ್ಲಿ ಫೋರ್ಕ್‌ಲಿಫ್ಟ್ ಟೈರು ಹೊರಗಿನ ಕೆಸರನ್ನೆಲ್ಲ ಒಳಗೆ ತರುತ್ತದೆ. ಚಕ್ರ ಜಾರಿದರೆ ಎಷ್ಟು ದೂರ ಬಂದೆ ಅನ್ನುವ ರೋಬೋ ಲೆಕ್ಕ ಕೆಡುತ್ತದೆ, ಬ್ರೇಕ್ ಹಿಡಿಯುವ ದೂರವೂ ಜಾಸ್ತಿ ಆಗುತ್ತದೆ. ಪ್ಯಾಲೆಟ್‌ಗೆ ಸುತ್ತುವ ಪ್ಲಾಸ್ಟಿಕ್ ಫಿಲ್ಮ್ ತುಂಡು ನೆಲದಲ್ಲಿ ಬಿದ್ದಿದ್ದರೆ ಚಕ್ರಕ್ಕೆ ಸುತ್ತಿಕೊಂಡು ಮೋಟರ್ ತನಕ ಹೋಗುತ್ತದೆ. ಕಸ ಗುಡಿಸುವ ವೇಳಾಪಟ್ಟಿ ಕೂಡ ರೋಬೋ ಪ್ಲಾನ್‌ನ ಭಾಗ.

ವೈಫೈ ಸರ್ವೆಯನ್ನು ರ‍್ಯಾಕ್ ತುಂಬಿರುವಾಗ ಮಾಡಿಸಿ. ಖಾಲಿ ರ‍್ಯಾಕ್ ನಡುವೆ ಸಿಗ್ನಲ್ ಚೆನ್ನಾಗಿಯೇ ಬರುತ್ತದೆ. ಕಬ್ಬಿಣದ ಬಿಡಿಭಾಗ ಅಥವಾ ನೀರಿನ ಬಾಟಲಿ ತುಂಬಿದ ಮೇಲೆ ಸತ್ತುಹೋಗುತ್ತದೆ. ಒಂದು ಆಕ್ಸೆಸ್ ಪಾಯಿಂಟ್‌ನಿಂದ ಇನ್ನೊಂದಕ್ಕೆ ದಾಟುವಾಗ ಎಷ್ಟು ಹೊತ್ತು ಸಂಪರ್ಕ ಕಡಿಯುತ್ತದೆ ಅಂತ ರೋಬೋವನ್ನೇ ಓಡಿಸಿ ನೋಡಬೇಕು. ಸುಮ್ನೆ ಮೊಬೈಲಲ್ಲಿ ಕಡ್ಡಿ ಎಣಿಸಿದರೆ ಆಗುವುದಿಲ್ಲ.

ಪಶ್ಚಿಮಕ್ಕೆ ಶಟರ್ ಇದ್ದರೆ ಸಂಜೆ ನಾಲ್ಕು ಗಂಟೆಯ ಬಿಸಿಲು ನೇರ ಒಳಗೆ ಬರುತ್ತದೆ. ಇನ್‌ಫ್ರಾರೆಡ್ ಬಳಸಿ ದೂರ ಅಳೆಯುವ ಡೆಪ್ತ್ ಕ್ಯಾಮೆರಾಗಳಿಗೆ ಅದು ಕಣ್ಣು ಕೋರೈಸಿದ ಹಾಗೆ. ಚಾವಣಿಯಲ್ಲಿ ಬೆಳಕಿಗಾಗಿ ಹಾಕಿದ ಪಾರದರ್ಶಕ ಶೀಟ್ ಕೆಳಗೂ ಇದೇ ಕಥೆ. ಹಾಗಾಗಿ ಟ್ರಯಲ್ ಬೆಳಿಗ್ಗೆ ಹನ್ನೊಂದಕ್ಕೆ ಮುಗಿಸಿ ಸಹಿ ಹಾಕಬೇಡಿ.

ಮ್ಯಾಪ್ ಮಾಡುವುದು

ರೋಬೋವನ್ನು ಶೆಡ್ ತುಂಬ ಓಡಿಸಿದರೆ ಲೈಡಾರ್ ಮ್ಯಾಪ್ ಬರೆದುಕೊಳ್ಳುತ್ತದೆ. ಭಾನುವಾರ ಮಾಡಿ, ಜನ ಇರುವುದಿಲ್ಲ. ಆಮೇಲೆ ಕೂತು ಮ್ಯಾಪ್ ಕ್ಲೀನ್ ಮಾಡಿ: ನೆಲದ ಮೇಲೆ ಆ ದಿನ ಇದ್ದ ಪ್ಯಾಲೆಟ್, ನಿಂತಿದ್ದ ಫೋರ್ಕ್‌ಲಿಫ್ಟ್ ಎಲ್ಲ ಅಳಿಸಿ, ಗೋಡೆ, ಕಂಬ, ನೆಲಕ್ಕೆ ಬೋಲ್ಟ್ ಹಾಕಿದ ರ‍್ಯಾಕ್ ಮಾತ್ರ ಉಳಿಸಿ. ನಾಳೆ ಇರದ ವಸ್ತುವನ್ನು ನಂಬಿ ರೋಬೋ ತನ್ನ ಜಾಗ ಗುರುತಿಸಿದರೆ ದಾರಿ ತಪ್ಪುತ್ತದೆ.

ಉದ್ದಕ್ಕೂ ಒಂದೇ ಥರ ಕಾಣುವ ರ‍್ಯಾಕ್ ಓಣಿ ಇನ್ನೊಂದು ತಲೆನೋವು. ಅಕ್ಕಪಕ್ಕ ಎಷ್ಟು ದೂರ ಅಂತ ರೋಬೋಗೆ ಗೊತ್ತಾಗುತ್ತದೆ, ಆದರೆ ಓಣಿಯಲ್ಲಿ ಎಷ್ಟು ಮುಂದೆ ಬಂದೆ ಅಂತ ತಿಳಿಯುವುದಿಲ್ಲ. ಅಲ್ಲಲ್ಲಿ ರಿಫ್ಲೆಕ್ಟರ್ ಪಟ್ಟಿ ಅಂಟಿಸಿದರೆ ಸರಿಹೋಗುತ್ತದೆ. ಅದನ್ನೂ ಒಂದೇ ಅಂತರದಲ್ಲಿ ಅಂಟಿಸಬೇಡಿ, ಮತ್ತೆ ಎಲ್ಲ ಒಂದೇ ಥರ ಕಾಣುತ್ತದೆ. ಗಾಜಿನ ಪಾರ್ಟಿಷನ್ ಲೇಸರ್‌ಗೆ ಸರಿಯಾಗಿ ಕಾಣುವುದಿಲ್ಲ, ಸ್ಕ್ಯಾನರ್ ಎತ್ತರದಲ್ಲಿ ಅಪಾರದರ್ಶಕ ಪಟ್ಟಿ ಹಾಕಿಸಿ.

ದಾರಿ ಹಾಕುವುದು

ಡೆಮೊದಲ್ಲಿ ನೋಡಿದ ‘ಅಡ್ಡ ಬಂದರೆ ಸುತ್ತಿಕೊಂಡು ಹೋಗುತ್ತದೆ’ ಅನ್ನುವುದನ್ನು ಇಲ್ಲಿ ಮರೆತುಬಿಡಿ. ಒಂದು ರೋಬೋಗೆ ಅದು ಬುದ್ಧಿವಂತಿಕೆ. ಐದು ರೋಬೋ ಐದೂ ಕಡೆಯಿಂದ ತಮಗೆ ಬೇಕಾದ ಹಾಗೆ ಸುತ್ತಿಕೊಳ್ಳಲು ಹೊರಟರೆ ಸಂಜೆ ಏಳು ಗಂಟೆಯ ಸಿಲ್ಕ್ ಬೋರ್ಡ್ ಜಂಕ್ಷನ್ ನಿಮ್ಮ ಶೆಡ್ ಒಳಗೇ ಬರುತ್ತದೆ. ಎಲ್ಲರೂ ಒಂದೊಂದು ಅಡಿ ಮುಂದೆ ತೂರಿಸಿ, ಕೊನೆಗೆ ಯಾರೂ ಅಲ್ಲಾಡುವ ಹಾಗಿರುವುದಿಲ್ಲ.

ಮ್ಯಾಪ್ ಮೇಲೆ ರಸ್ತೆ ಬರೆಯಿರಿ. ಸಾಧ್ಯವಾದ ಕಡೆಯೆಲ್ಲ ಒನ್‌ವೇ. ದೊಡ್ಡ ಒಂದು ಸುತ್ತು, ಅದಕ್ಕೆ ಅಲ್ಲಲ್ಲಿ ಅಡ್ಡದಾರಿ. ಟ್ರಿಪ್ ದೂರ ಸ್ವಲ್ಪ ಹೆಚ್ಚುತ್ತದೆ ಅಂತ ಲೆಕ್ಕದವರು ಮುಖ ಸಿಂಡರಿಸುತ್ತಾರೆ. ಇಪ್ಪತ್ತು ಮೀಟರ್ ಹೆಚ್ಚು ಓಡಿದರೆ 25 ಸೆಕೆಂಡ್ ಹೋಗುತ್ತದೆ, ಎದುರುಬದುರು ಸಿಕ್ಕಿಹಾಕಿಕೊಂಡರೆ ಯಾರಾದರೂ ಬಂದು ಬಿಡಿಸುವ ತನಕ ಹೋಗುತ್ತದೆ.

ಅಗಲ ಎಷ್ಟು ಬೇಕು? ಚಾಲಕರಿಲ್ಲದ ಇಂಥ ಗಾಡಿಗಳ ಸುರಕ್ಷತೆಗೆ ಇರುವ ಐಎಸ್‌ಒ 3691-4 ಮಾನದಂಡ, ದಾರಿಯ ಎರಡೂ ಬದಿ ಮನುಷ್ಯ ಪಕ್ಕಕ್ಕೆ ಸರಿಯಲು 0.5 ಮೀಟರ್ ಬಿಡಬೇಕು ಅನ್ನುತ್ತದೆ. ಲೋಡ್ ಸಹಿತ 0.8 ಮೀಟರ್ ಅಗಲದ ರೋಬೋಗೆ ಒನ್‌ವೇ ಆದರೂ 1.8 ಮೀಟರ್ ಬೇಕಾಯಿತು. ಎರಡೂ ಕಡೆಯ ಓಡಾಟ ಬೇಕಾದರೆ ಸುಮಾರು 3 ಮೀಟರ್. ಅಷ್ಟು ಅಗಲ ಇಲ್ಲದ ಕಡೆ ವೇಗ ತಗ್ಗಿಸುವುದು, ಎಚ್ಚರಿಕೆ ಗುರುತು ಹಾಕುವುದು ಮುಂತಾದ ಬೇರೆ ಕ್ರಮ ಬೇಕು. ಅಳೆಯುವಾಗ ರೋಬೋ ಅಗಲ ಅಳೆಯಬೇಡಿ, ಟ್ರಾಲಿ ಅಗಲ ಅಳೆಯಿರಿ. ಕಂಟ್ರೋಲ್ ಸಾಫ್ಟ್‌ವೇರ್‌ನಲ್ಲೂ ಖಾಲಿ ಇದ್ದಾಗಿನ ಅಳತೆ, ಟ್ರಾಲಿ ಹೊತ್ತಾಗಿನ ಅಳತೆ ಎರಡನ್ನೂ ಬೇರೆಬೇರೆ ಕೊಟ್ಟಿರಬೇಕು. ಇಲ್ಲದಿದ್ದರೆ ತಿರುವಿನಲ್ಲಿ ರೋಬೋ ಆರಾಮಾಗಿ ದಾಟುತ್ತದೆ, ಟ್ರಾಲಿ ಮೂಲೆ ಕಂಬಕ್ಕೆ ಉಜ್ಜುತ್ತದೆ.

ಇನ್ನು ಸಿಕ್ಕಿಹಾಕಿಕೊಳ್ಳದ ಹಾಗೆ ನೋಡಿಕೊಳ್ಳುವುದು. ಮೂರು ನಿಯಮ ಸಾಕು. ಮೊದಲನೆಯದು, ದಾರಿಯನ್ನು ತುಂಡುತುಂಡಾಗಿ ಭಾಗ ಮಾಡಿ, ಒಂದು ತುಂಡಿನಲ್ಲಿ ಒಂದೇ ರೋಬೋ, ಒಳಗೆ ಹೋಗುವ ಮುನ್ನ, ಎಲ್ಲ ರೋಬೋಗಳಿಗೂ ಕೆಲಸ ಮತ್ತು ದಾರಿ ಹಂಚುವ ಫ್ಲೀಟ್ ಮ್ಯಾನೇಜರ್ ಸಾಫ್ಟ್‌ವೇರ್ ಹತ್ತಿರ ಆ ತುಂಡನ್ನು ಬುಕ್ ಮಾಡಬೇಕು. ಎರಡನೆಯದು, ಕ್ರಾಸ್‌ಗೆ ಕಾಲಿಡಬೇಕಾದರೆ ಕ್ರಾಸ್ ಖಾಲಿ ಇದ್ದರೆ ಸಾಲದು, ದಾಟಿದ ಮೇಲೆ ನಿಲ್ಲುವ ಜಾಗವೂ ಖಾಲಿ ಇರಬೇಕು. ಕ್ರಾಸ್ ಮಧ್ಯ ಯಾರೂ ನಿಲ್ಲುವ ಹಾಗಿಲ್ಲ. ಮೂರನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ: ಎತ್ತುವ ಜಾಗ, ಇಳಿಸುವ ಜಾಗ, ಚಾರ್ಜರ್, ಕಾಯುವ ಜಾಗ, ಇವು ಯಾವುವೂ ಬೇರೆ ರೋಬೋಗಳ ಓಡಾಟದ ದಾರಿಯ ಮೇಲೆ ಇರಬಾರದು. ಪಕ್ಕಕ್ಕೆ ಬಸ್ ಬೇ ಥರ ಸರಿದಿರಬೇಕು. ಪ್ರತಿ ರೋಬೋಗೂ ಹೀಗೆ ಪಕ್ಕಕ್ಕೆ ನಿಲ್ಲಲು ಒಂದು ಜಾಗ ಇದ್ದರೆ, ಎಷ್ಟೇ ಗೋಜಲಾದರೂ ಒಬ್ಬೊಬ್ಬರನ್ನೇ ಓಡಿಸಿಯಾದರೂ ಬಿಡಿಸಬಹುದು. ಜಾಗ ಇಲ್ಲದಿದ್ದರೆ ಎಂಥ ಸಾಫ್ಟ್‌ವೇರ್ ಇದ್ದರೂ ಬಿಡಿಸಲಾಗದ ಸ್ಥಿತಿ ಬಂದೇ ಬರುತ್ತದೆ.

ಅನೇಕ ರೋಬೋಗಳ ದಾರಿಯನ್ನು ಒಟ್ಟಿಗೆ ಲೆಕ್ಕ ಹಾಕುವ ಅಲ್ಗಾರಿದಮ್‌ಗಳ ಮೇಲೆ ದೊಡ್ಡ ಸಂಶೋಧನೆಯೇ ಇದೆ. ಒಂದೊಂದಕ್ಕೂ ಬೇರೆಬೇರೆ ದಾರಿ ಹುಡುಕಿ, ಎರಡು ಡಿಕ್ಕಿ ಆಗುವ ಕಡೆ ಒಂದಕ್ಕೆ ಮಾತ್ರ ನಿರ್ಬಂಧ ಹಾಕಿ ಮತ್ತೆ ಹುಡುಕುವ ವಿಧಾನ ಚೆನ್ನಾಗಿದೆ. ನೂರಾರು ರೋಬೋ ಇದ್ದರೆ ಅದು ಬೇಕು. ಐದಾರಕ್ಕೆ ಒಳ್ಳೆಯ ರಸ್ತೆ ನಕ್ಷೆ ಮತ್ತು ಮೇಲಿನ ಮೂರು ನಿಯಮ ಸಾಕು.

ಕೆಲಸ ಹಂಚುವುದು

ಹತ್ತಿರದ ರೋಬೋಗೆ ಕೆಲಸ ಕೊಡು ಅನ್ನುವುದು ಎಲ್ಲರಿಗೂ ಮೊದಲು ಹೊಳೆಯುವ ನಿಯಮ. ಪರವಾಗಿಲ್ಲ, ಆದರೆ ಒಂದೊಂದೇ ಕೆಲಸ ಬಂದ ಹಾಗೆ ಕೊಡುತ್ತಾ ಹೋದರೆ ಕೊನೆಯ ಕೆಲಸಕ್ಕೆ ಶೆಡ್‌ನ ಆ ತುದಿಯ ರೋಬೋ ಉಳಿದಿರುತ್ತದೆ. ಕೆಲವು ಸೆಕೆಂಡಿಗೊಮ್ಮೆ, ಇನ್ನೂ ಶುರುವಾಗದ ಎಲ್ಲ ಕೆಲಸ ಮತ್ತು ಬಿಡುವಾಗಿರುವ ಎಲ್ಲ ರೋಬೋಗಳನ್ನು ಒಟ್ಟಿಗೆ ಇಟ್ಟು ಒಟ್ಟು ದೂರ ಕಡಿಮೆ ಆಗುವ ಹಾಗೆ ಜೋಡಿಸಬೇಕು. ಇದಕ್ಕೆ ಹಂಗೇರಿಯನ್ ವಿಧಾನ ಅಂತ 1955ರಿಂದಲೇ ಇದೆ. ಅದರ ಜೊತೆಗೆ ಹಳೆಯ ಕೆಲಸದ ತುರ್ತು ತಾನಾಗಿ ಏರುತ್ತಾ ಹೋಗಬೇಕು, ಇಲ್ಲವಾದರೆ ಮೂಲೆಯಲ್ಲಿರುವ ಲೈನ್‌ನವರ ಸರದಿ ಬರುವುದೇ ಇಲ್ಲ.

ಇಳಿಸುವ ಜಾಗ ಖಾಲಿ ಇದೆ ಅಂತ ಖಚಿತವಾಗದೆ ಕೆಲಸ ಬಿಡುಗಡೆ ಆಗಬಾರದು. ಆ ಜಾಗಕ್ಕೆ ಸೆನ್ಸರ್ ಹಾಕಿ, ಇಲ್ಲವೇ ಕೆಲಸಗಾರರು ಒತ್ತುವ ‘ಖಾಲಿ’ ಬಟನ್ ಕೊಡಿ. ಸೆನ್ಸರ್ ವಾಸಿ. ಬಟನ್ ಒತ್ತಲು ಮರೆಯುತ್ತಾರೆ, ಅಥವಾ ಮಾಲು ಬೇಗ ಬರಲಿ ಅಂತ ಮೂರು ಸಲ ಒತ್ತುತ್ತಾರೆ, ಆಗ ಮೂರು ಟ್ರಾಲಿ ಬಂದು ನಿಲ್ಲುತ್ತವೆ. ಒಂದೇ ಲೈನ್‌ನಿಂದ ಅದೇ ಮಾಲಿಗೆ ಮತ್ತೆ ಬಂದ ಕರೆಯನ್ನು ಮೊದಲನೆಯದು ಮುಗಿಯುವ ತನಕ ಸಾಫ್ಟ್‌ವೇರ್ ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ತುಂಬಿದ ಟ್ರಾಲಿ ಬಿಟ್ಟ ರೋಬೋ ಅಲ್ಲಿಂದಲೇ ಖಾಲಿ ಟ್ರಾಲಿ ಹೊತ್ತು ಬರಬೇಕು. ಇದೊಂದನ್ನು ಸರಿಯಾಗಿ ಜೋಡಿಸಿದರೆ ಸುಮ್ನೆ ಖಾಲಿ ಓಡುವುದು ಬಹಳ ಕಡಿಮೆ ಆಗುತ್ತದೆ.

ಅಡ್ಡ ಬಂದಾಗ ಏನು ಮಾಡಬೇಕು

ರೋಬೋ ಒಳಗೆ ಎರಡು ಪ್ಲಾನರ್ ಇರುತ್ತವೆ. ಒಂದು ಇಡೀ ಮ್ಯಾಪ್ ನೋಡಿ ದಾರಿ ಹುಡುಕುತ್ತದೆ, ಹೆಚ್ಚಾಗಿ 1968ರಲ್ಲಿ ಬಂದ ಎ ಸ್ಟಾರ್ ವಿಧಾನವೋ ಅದರ ಸಂಬಂಧಿಯೋ ಆಗಿರುತ್ತದೆ. ಇನ್ನೊಂದು ಕಣ್ಣೆದುರಿನ ಕೆಲವು ಮೀಟರ್ ನೋಡಿಕೊಂಡು ಸೆಕೆಂಡಿಗೆ ಹತ್ತಾರು ಸಲ ವೇಗ ಮತ್ತು ತಿರುವು ನಿರ್ಧರಿಸುತ್ತದೆ. ನೀವೇ ಆರ್‌ಒಎಸ್ 2 ಅನ್ನುವ ಮುಕ್ತ ರೋಬೋ ಸಾಫ್ಟ್‌ವೇರ್‌ನಲ್ಲಿ ದಾರಿ ನೋಡಿಕೊಳ್ಳುವ ಭಾಗವಾದ ನ್ಯಾವ್2 ಬಳಸಿ ಕಟ್ಟುತ್ತಿದ್ದರೆ, ಈ ಎರಡನೆಯದಕ್ಕೆ ರೆಗ್ಯುಲೇಟೆಡ್ ಪ್ಯೂರ್ ಪರ್ಸೂಟ್ ಥರದ್ದನ್ನು ಮೊದಲು ನೋಡಿ. ಹಾಕಿದ ದಾರಿ ಬಿಟ್ಟು ಕದಲುವುದಿಲ್ಲ, ತಿರುವಿನಲ್ಲಿ ತಾನೇ ನಿಧಾನ ಮಾಡುತ್ತದೆ. ಸಿಕ್ಕಿಕೊಂಡಾಗ ನಿಂತಲ್ಲೇ ಗಿರಕಿ ಹೊಡೆಯುವ ಅಭ್ಯಾಸ ನ್ಯಾವ್2ನಲ್ಲಿ ಮೊದಲೇ ಇರುತ್ತದೆ, ಟ್ರಾಲಿ ಹೊತ್ತಾಗ ಅದನ್ನು ತೆಗೆದುಹಾಕಿ.

ನನ್ನ ಶಿಫಾರಸು ಇದು: ಅಡ್ಡ ಏನಾದರೂ ಬಂದರೆ ಮೊದಲು ನಿಲ್ಲಲಿ. ಹತ್ತು ಸೆಕೆಂಡ್ ಕಾಯಲಿ. ಜನ ಆದರೆ ಅಷ್ಟರಲ್ಲಿ ದಾಟಿರುತ್ತಾರೆ. ಆಮೇಲೆ ಧ್ವನಿ ಕೊಡಲಿ. ಇನ್ನೂ ಸರಿಯದಿದ್ದರೆ ಫ್ಲೀಟ್ ಮ್ಯಾನೇಜರ್‌ನಿಂದ ಬೇರೆ ದಾರಿ ಕೇಳಲಿ. ಸುತ್ತಿಕೊಂಡು ಹೋಗಲು ಅನುಮತಿಯನ್ನು ಅಗಲವಾದ, ಬೇರೆ ರೋಬೋ ಬರದ ಕಡೆ ಮಾತ್ರ ಕೊಡಿ.

ಚಾರ್ಜಿಂಗ್

48 ವೋಲ್ಟ್, 40 ಆಂಪಿಯರ್ ಗಂಟೆಯ ಬ್ಯಾಟರಿ ಅಂದರೆ ಸುಮಾರು 1.9 ಯೂನಿಟ್ ಕರೆಂಟು. ಅದರಲ್ಲಿ ಶೇಕಡ 70 ಬಳಸಿ, ರೋಬೋ ಸರಾಸರಿ 250 ವಾಟ್ ಎಳೆಯುತ್ತದೆ ಅಂದರೆ ಐದು ಗಂಟೆ ಚಿಲ್ಲರೆ ಓಡುತ್ತದೆ. 30 ಆಂಪಿಯರ್ ಚಾರ್ಜರ್ ಆದರೆ ಅಷ್ಟನ್ನು ತುಂಬಲು ಒಂದು ಗಂಟೆ ಸಾಕು. ಕಾಗದದ ಮೇಲೆ ಐದು ರೋಬೋಗೆ ಒಂದು ಚಾರ್ಜರ್, ಆದರೆ ಎರಡು ಹಾಕಿಸಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಹತ್ತು ನಿಮಿಷ, ಹದಿನೈದು ನಿಮಿಷ ಅಂತ ಬಿಡುವಿದ್ದಾಗಲೆಲ್ಲ ಚಾರ್ಜ್ ಮಾಡಬಹುದು. ಟೀ ಬ್ರೇಕ್, ಊಟದ ಹೊತ್ತಿನಲ್ಲಿ ಎಲ್ಲವನ್ನೂ ಸರದಿಯ ಮೇಲೆ ಚಾರ್ಜಿಗೆ ಕಳಿಸಿ. ಪೂರ್ತಿ ಇಳಿಯಲಿ ಅಂತ ಬಿಟ್ಟರೆ ಬೆಳಿಗ್ಗೆ ಒಟ್ಟಿಗೆ ಹೊರಟವು ಮಧ್ಯಾಹ್ನ ಒಟ್ಟಿಗೇ ಖಾಲಿಯಾಗುತ್ತವೆ.

ಕರೆಂಟ್ ಹೋದಾಗ ರೋಬೋ ಓಡುತ್ತಲೇ ಇರುತ್ತದೆ, ವೈಫೈ ಮತ್ತು ಸರ್ವರ್ ಸಾಯುತ್ತವೆ. ಎರಡಕ್ಕೂ ಯುಪಿಎಸ್ ಕೊಡಿ, ಚಾರ್ಜರ್‌ಗಳನ್ನು ಜನರೇಟರ್ ಲೈನ್‌ಗೆ ಹಾಕಿಸಿ. ಫ್ಲೀಟ್ ಮ್ಯಾನೇಜರ್ ಸಾಫ್ಟ್‌ವೇರ್ ಶೆಡ್‌ನ ಒಳಗಿನ ಸರ್ವರ್‌ನಲ್ಲೇ ಇರಲಿ. ರಸ್ತೆ ಅಗೆಯುವಾಗ ಫೈಬರ್ ಕತ್ತರಿಸಿದರು ಅಂತ ಲೈನ್ ನಿಲ್ಲಬಾರದು. ಬೆಂಗಳೂರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜನ ಮತ್ತು ಸುರಕ್ಷತೆ

ಬ್ರೇಕ್ ಲೆಕ್ಕ ಒಮ್ಮೆ ನೀವೇ ಹಾಕಿ ನೋಡಿ. ಸೆಕೆಂಡಿಗೆ 1.5 ಮೀಟರ್ ವೇಗ, ಸೆನ್ಸರ್ ಕಂಡು ಬ್ರೇಕ್ ಹಿಡಿಯುವ ತನಕ 0.3 ಸೆಕೆಂಡ್, ಆಮೇಲೆ ಪ್ರತಿ ಸೆಕೆಂಡಿಗೆ 1 ಮೀಟರ್ ವೇಗ ಇಳಿಯುತ್ತದೆ ಅಂದರೆ ನಿಲ್ಲಲು ಸುಮಾರು 1.6 ಮೀಟರ್ ಬೇಕು. ವೇಗವನ್ನು ಅರ್ಧ ಮಾಡಿದರೆ 0.5 ಮೀಟರ್. ವೇಗ ಅರ್ಧವಾದರೆ ದೂರ ಮೂರನೇ ಒಂದು ಭಾಗ ಆಯಿತು. ಅದಕ್ಕೇ ಜನ ಜಾಸ್ತಿ ಇರುವ ಕಡೆ, ಮೂಲೆಗಳಲ್ಲಿ, ಕ್ಯಾಂಟೀನ್ ಬಾಗಿಲ ಹತ್ತಿರ ನಿಧಾನದ ವಲಯ ಹಾಕಿ. ಲೋಡ್ ಹೊತ್ತಾಗ ನಿಲ್ಲುವ ದೂರ ಬೇರೆ, ಪೂರ್ತಿ ತೂಕ ಹಾಕಿ ನೆಲದ ಮೇಲೆ ಟೇಪ್ ಹಿಡಿದು ಅಳೆಯಿರಿ.

ಸೇಫ್ಟಿ ಸ್ಕ್ಯಾನರ್ ಸಾಮಾನ್ಯವಾಗಿ ನೆಲದಿಂದ ಒಂದು ಗೇಣು ಎತ್ತರದಲ್ಲಿ ಒಂದೇ ಸಮತಲದಲ್ಲಿ ನೋಡುತ್ತದೆ. ಕಾಲು ಕಾಣುತ್ತದೆ. ಎದೆ ಎತ್ತರಕ್ಕೆ ಎತ್ತಿ ನಿಲ್ಲಿಸಿದ ಫೋರ್ಕ್‌ಲಿಫ್ಟ್‌ನ ಫೋರ್ಕ್ ಕಾಣುವುದಿಲ್ಲ, ಟೇಬಲ್ ಅಂಚು ಕಾಣುವುದಿಲ್ಲ, ರ‍್ಯಾಕ್‌ನಿಂದ ಹೊರಗೆ ಚಾಚಿದ ಪೈಪು ಕಾಣುವುದಿಲ್ಲ. ನಿಲ್ಲಿಸಿದ ಫೋರ್ಕ್‌ಲಿಫ್ಟ್‌ನ ಫೋರ್ಕ್ ನೆಲಕ್ಕೆ ಇಳಿಸಿರಬೇಕು ಅನ್ನುವ ನಿಯಮ ಕಡ್ಡಾಯ ಮಾಡಿ. ಫೋರ್ಕ್‌ಲಿಫ್ಟ್ ಮತ್ತು ರೋಬೋ ದಾರಿಯನ್ನು ಬೇರೆ ಮಾಡಲು ಆದರೆ ಅದಕ್ಕಿಂತ ಒಳ್ಳೆಯದಿಲ್ಲ.

ಹುಡುಗರಿಗೆ ತರಬೇತಿ ಕೊಡುವಾಗ ಸ್ಲೈಡ್ ತೋರಿಸಬೇಡಿ. ರೋಬೋ ಎದುರು ನಿಲ್ಲಿಸಿ, ಅದು ಎಲ್ಲಿ ನಿಲ್ಲುತ್ತದೆ ಅಂತ ನೋಡಲಿ, ಎಮರ್ಜೆನ್ಸಿ ಬಟನ್ ಒಬ್ಬೊಬ್ಬರೂ ಒತ್ತಿ ನೋಡಲಿ. ಧ್ವನಿ ಕನ್ನಡದಲ್ಲೂ ಹಿಂದಿಯಲ್ಲೂ ಇರಲಿ. ‘ಸ್ವಲ್ಪ ದಾರಿ ಬಿಡಿ’ ಅಂದರೆ ಸಾಕು. ದಿನವಿಡೀ ಹಾಡು ಹಾಕಿಕೊಂಡು ಓಡುವ ರೋಬೋವನ್ನು ಒಂದು ವಾರದಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಟ್ರಾಲಿ ತಳ್ಳುತ್ತಿದ್ದವರ ಕೆಲಸ ಏನಾಗುತ್ತದೆ ಅಂತ ರೋಬೋ ಬರುವ ಮುನ್ನವೇ ಹೇಳಿ. ಹೇಳದಿದ್ದರೆ ದಾರಿಯಲ್ಲಿ ಪ್ಯಾಲೆಟ್‌ಗಳು ತಾವಾಗಿಯೇ ಬಂದು ನಿಲ್ಲಲು ಶುರು ಮಾಡುತ್ತವೆ, ಯಾರು ಇಟ್ಟರು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಆಯುಧಪೂಜೆಯ ದಿನ ರೋಬೋಗೂ ಪೂಜೆ ಆಗೇ ಆಗುತ್ತದೆ, ಬೇಡ ಅನ್ನಲು ಹೋಗಬೇಡಿ. ಚೆಂಡುಹೂವಿನ ಹಾರವನ್ನು ಸ್ಕ್ಯಾನರ್‌ಗೆ ಅಡ್ಡ ಬಾರದ ಹಾಗೆ ಕಟ್ಟಿ, ಕುಂಕುಮ ಗಾಜಿನ ಮೇಲೆ ಬೇಡ, ಬೂದುಗುಂಬಳ ಗೇಟಿನ ಹೊರಗೆ ಒಡೆಯಿರಿ. ಮಾರನೇ ದಿನ ಓಡಿಸುವ ಮುನ್ನ ಸ್ಕ್ಯಾನರ್ ಒರೆಸಿ.

ಸಾಫ್ಟ್‌ವೇರ್ ಜೋಡಣೆ ಮತ್ತು ಶುರು ಮಾಡುವುದು

ಇವತ್ತು ಒಂದು ಕಂಪನಿಯ ರೋಬೋ, ಎರಡು ವರ್ಷ ಬಿಟ್ಟು ಇನ್ನೊಂದರದ್ದು ಅಂತ ಆಗುವ ಸಾಧ್ಯತೆ ಇದ್ದರೆ ವಿಡಿಎ 5050 ಅಂತ ಕೇಳಿ. ಜರ್ಮನಿಯ ವಾಹನ ಉದ್ಯಮದವರ ಸಂಘ ಮುಂದೆ ನಿಂತು ಮಾಡಿದ ಒಪ್ಪಂದ ಇದು, ಬೇರೆಬೇರೆ ಕಂಪನಿಯ ರೋಬೋಗಳು ಒಂದೇ ಫ್ಲೀಟ್ ಮ್ಯಾನೇಜರ್ ಜೊತೆ ಮಾತಾಡಲು. ಎಂಕ್ಯೂಟಿಟಿ ಅನ್ನುವ ಸಂದೇಶ ಸಾಗಿಸುವ ವ್ಯವಸ್ಥೆಯ ಮೇಲೆ, ಜೇಸನ್ ಅನ್ನುವ ಪಠ್ಯ ರೂಪದಲ್ಲಿ ಸಂದೇಶ ಹೋಗುತ್ತದೆ. ಅದರಲ್ಲಿ ನನಗೆ ಇಷ್ಟವಾದದ್ದು, ದಾರಿಯ ಇಷ್ಟು ಭಾಗಕ್ಕೆ ಅನುಮತಿ ಸಿಕ್ಕಿದೆ, ಮುಂದಿನದು ಬರೀ ಅಂದಾಜು ಅಂತ ಎರಡು ಭಾಗ ಮಾಡಿರುವುದು. ನೆಟ್‌ವರ್ಕ್ ಹೋದರೆ ರೋಬೋ ಅನುಮತಿ ಇರುವ ತನಕ ಹೋಗಿ ನಿಲ್ಲುತ್ತದೆ, ಇನ್ನೊಬ್ಬರ ದಾರಿಗೆ ನುಗ್ಗುವುದಿಲ್ಲ. ‘ನಮ್ಮದೂ ಸಪೋರ್ಟ್ ಮಾಡುತ್ತದೆ ಸರ್’ ಅಂದರೆ ಯಾವ ಆವೃತ್ತಿ ಅಂತ ಕೇಳಿ, ನಿಮ್ಮ ಎದುರೇ ಓಡಿಸಿ ತೋರಿಸಲಿ. ಬಾಗಿಲು, ಲಿಫ್ಟ್ ಸೇರಿಸಬೇಕಾದರೆ ಓಪನ್ ಆರ್‌ಎಂಎಫ್ ಅನ್ನುವ ಮುಕ್ತ ಸಾಫ್ಟ್‌ವೇರ್ ಇದೆ, ಒಳ್ಳೆಯ ಎಂಜಿನಿಯರ್ ಕೈಯಲ್ಲಿದ್ದರೆ ನೋಡಬಹುದು.

ಮೊದಲು ಸಿಮ್ಯುಲೇಶನ್, ಅದೂ ಬಿಜಿ ಗಂಟೆಯ ಲೆಕ್ಕ ಹಾಕಿ. ಆಮೇಲೆ ಎರಡು ರೋಬೋ, ಒಂದೇ ದಾರಿ, ಒಂದು ತಿಂಗಳು. ಒಂದೇ ರೋಬೋ ಇಟ್ಟು ಟ್ರಯಲ್ ಮಾಡಿದರೆ ಟ್ರಾಫಿಕ್ ತೊಂದರೆ ಕಾಣುವುದೇ ಇಲ್ಲ. ಈ ತಿಂಗಳಲ್ಲಿ ಬೇಕಂತಲೇ ಕೆಡಿಸಿ ನೋಡಿ: ವೈಫೈ ಆರಿಸಿ, ಕ್ರಾಸ್‌ನಲ್ಲಿ ಒಂದರ ಎಮರ್ಜೆನ್ಸಿ ಬಟನ್ ಒತ್ತಿ, ಇಳಿಸುವ ಜಾಗದಲ್ಲಿ ಪ್ಯಾಲೆಟ್ ಇಟ್ಟುಬಿಡಿ. ಏನಾದರೂ ಕೈಕೊಟ್ಟಾಗ ಟ್ರಾಲಿಯನ್ನು ಕೈಯಲ್ಲಿ ತಳ್ಳುವ ಹಳೆಯ ವ್ಯವಸ್ಥೆ ಹಾಗೇ ಇರಲಿ. ಟ್ರಾಲಿಯ ಹಿಡಿ ಬಿಚ್ಚಿಹಾಕಬೇಡಿ.

ದಿನದ ಕೊನೆಗೆ ರೋಬೋ ಎಷ್ಟು ಕಿಲೋಮೀಟರ್ ಓಡಿತು ಅನ್ನುವ ರಿಪೋರ್ಟ್ ಕಳಿಸುತ್ತಾರೆ. ಅದನ್ನು ಪಕ್ಕಕ್ಕಿಟ್ಟು, ಯಾವ ಜಾಗದಲ್ಲಿ ಒಟ್ಟು ಎಷ್ಟು ನಿಮಿಷ ನಿಂತಿತ್ತು, ಯಾಕೆ ನಿಂತಿತ್ತು ಅನ್ನುವ ಪಟ್ಟಿ ಕೇಳಿ. ಪಟ್ಟಿಯ ಮೊದಲ ಮೂರು ಜಾಗವನ್ನು ವಾರಕ್ಕೊಮ್ಮೆ ಸೂಪರ್‌ವೈಸರ್ ಜೊತೆ ಹೋಗಿ ನೋಡಿ. ಈ ಲಾಗ್ ನಿಮಗೆ ನೇರವಾಗಿ ಸಿಗಬೇಕು, ಮ್ಯಾಪ್ ಮತ್ತು ದಾರಿಯನ್ನು ನಿಮ್ಮ ಎಂಜಿನಿಯರೇ ಬದಲಾಯಿಸುವ ಹಾಗಿರಬೇಕು. ಪ್ರತಿ ಸಲ ಒಂದು ಇಳಿಸುವ ಜಾಗ ಸರಿಸಲು ಕಂಪನಿಯವರು ಬರಲಿ ಅಂತ ಕಾದು, ಅದಕ್ಕೆ ಬಿಲ್ಲು ಕಟ್ಟುವ ಹಾಗಾದರೆ ನೀವು ಸರಿಸುವುದೇ ಇಲ್ಲ. ಇವೆರಡನ್ನೂ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಬರೆಸಿಕೊಳ್ಳಿ, ಹಾಕಿದ ಮೇಲೆ ಕೇಳಿದರೆ ರೇಟು ಬೇರೆ ಇರುತ್ತದೆ.